ಲೂಪ್ ಬ್ಯಾಂಡ್ ಸೆಟ್ ರಿವ್ಯೂ: ಅರುವತ್ತು ದಾಟಿದವರಿಗೆ ಹಳದಿ ಒಂದು ಸಾಕು ಮಾರಾಯ್ರೆ

ಐದು ಬಣ್ಣದ ರಬ್ಬರ್ ಲೂಪ್ ಬ್ಯಾಂಡ್ (ಎರಡೂ ಕಾಲಿಗೆ ಸೇರಿಸಿ ಹಾಕಿ, ಎಳೆದು ವ್ಯಾಯಾಮ ಮಾಡುವ ಬಳೆಯ ಹಾಗಿನ ಪಟ್ಟಿ), ಒಂದು ಸಣ್ಣ ಚೀಲ, ಒಂದು ಚಾರ್ಟ್, ಎಲ್ಲ ಸೇರಿ ಮುನ್ನೂರು ಚಿಲ್ಲರೆ ರೂಪಾಯಿ. ಆನ್‌ಲೈನಲ್ಲಿ ತರಿಸಿದ್ದು ಅಮ್ಮನಿಗೆ. ಅವರಿಗೆ ಈಗ 68, ಮಂಡಿ ನೋವು ಅಂತ ತೋರಿಸ್ಲಿಕ್ಕೆ ಹೋದದ್ದು, ಫಿಸಿಯೋದವರು ಮಂಡಿ ನೋಡಿದ ಮೇಲೆ ಒಂದು ಕಾಲಲ್ಲಿ ನಿಲ್ಲಿಸಿದ್ರು, ಎತ್ತಿದ ಕಾಲಿನ ಬದಿ ಸೊಂಟ ಕೆಳಗೆ ಜಾರಿತು. ನಿಂತ ಕಾಲಿನ ಕಡೆ ಸೊಂಟದ ಪಕ್ಕದಲ್ಲಿರುವ ಗ್ಲೂಟಿಯಸ್ ಮೀಡಿಯಸ್ ಅನ್ನುವ ಸ್ನಾಯುವಿಗೆ ಬಲ ಇಲ್ಲದಿದ್ರೆ ಹೀಗಾಗ್ತದಂತೆ, ನಡೆಯುವಾಗ ಪ್ರತಿ ಹೆಜ್ಜೆಗೂ ಸೊಂಟವನ್ನು ಸಮ ಹಿಡಿಯುವುದು ಅದೇ. ಅದರ ಹಿಂದೆ, ನಾವು ಕೂತುಕೊಳ್ಳುವಲ್ಲಿ ಇರುವುದು ಗ್ಲೂಟಿಯಸ್ ಮ್ಯಾಕ್ಸಿಮಸ್, ಇಡೀ ದೇಹದಲ್ಲೇ ದೊಡ್ಡ ಸ್ನಾಯು, ಕುರ್ಚಿಯಿಂದ ಏಳ್ಲಿಕ್ಕೆ, ಮೆಟ್ಲು ಹತ್ತಲಿಕ್ಕೆ ಅದು ಬೇಕೇ ಬೇಕು.

ನಮ್ಮ ಪಕ್ಕದ ಮನೆ ಅಂಕಲ್ ಕೇಳಿದ್ರು, ನಾನು ದಿನಾ ಕದ್ರಿ ಪಾರ್ಕಲ್ಲಿ ವಾಕಿಂಗ್ ಮಾಡ್ತೇನಲ್ಲ, ಸಾಲದಾ ಅಂತ. ಹಾರ್ಟಿಗೆ ಅದು ಒಳ್ಳೇದೇ, ಆದ್ರೆ ಸಮತಟ್ಟಲ್ಲಿ ನಡೆದ್ರೆ ಮ್ಯಾಕ್ಸಿಮಸ್‌ಗೆ ಹೆಚ್ಚೇನೂ ಕೆಲಸ ಬೀಳುದಿಲ್ಲ. ಮೂವತ್ತು ದಾಟಿದ ಮೇಲೆ ಹತ್ತು ವರ್ಷಕ್ಕೆ ಸುಮಾರು 3ರಿಂದ 8 ಪರ್ಸೆಂಟ್ ಸ್ನಾಯು ಕರಗ್ತದೆ ಅಂತಾರೆ, ಅರುವತ್ತರ ನಂತ್ರ ಇನ್ನೂ ಜೋರು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಹೇಳಿದ್ದೂ ಅದೇ, 65 ದಾಟಿದವರು ವಾರಕ್ಕೆ ಕಮ್ಮಿ ಅಂದ್ರೆ 2 ದಿನ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ, 3 ದಿನ ಬ್ಯಾಲೆನ್ಸಿಂದು ಮಾಡ್ಬೇಕು ಅಂತ. ಮಂಗಳೂರಿನ ಸ್ಟೇಟ್‌ಬ್ಯಾಂಕ್ ಬಸ್‌ಸ್ಟ್ಯಾಂಡಲ್ಲಿ ಸಿಟಿ ಬಸ್ಸಿನ ಮೊದಲ ಮೆಟ್ಲು ನೋಡಿದವರಿಗೆ ಯಾಕೆ ಅಂತ ಬೇರೆ ಹೇಳ್ಬೇಕಾ, ಅಷ್ಟೆತ್ತರ, ಮೇಲಿಂದ ಕಂಡಕ್ಟರ್ ಬೇಗ ಬೇಗ ಅಂತ ಬೊಬ್ಬೆ.

ಸರಿ, ಬ್ಯಾಂಡಿನ ವಿಷಯಕ್ಕೆ ಬರುವ. ಐದರಲ್ಲಿ ಅಮ್ಮನಿಗೆ ಉಪಯೋಗಕ್ಕೆ ಬಂದದ್ದು ಹಳದಿ, ತೆಳುವಿನದ್ದು, ಅಷ್ಟೇ. ಈಗ ಸ್ವಲ್ಪ ಸಮಯದಿಂದ ಕೆಂಪಿಗೆ ಹೋಗಿದ್ದಾರೆ, ಅದೂ ದಿನಾ ಅಲ್ಲ. ಉಳಿದ ಮೂರು ನಮ್ಮಂಥವರಿಗೆ, ಕಪ್ಪಂತೂ ನನಗೇ ಎಳೀಲಿಕ್ಕೆ ಆಗುದಿಲ್ಲ, ಟ್ಯೂಬಿನ ಹಾಗೆ ದಪ್ಪ. ಮತ್ತೆ ಬಣ್ಣ ನೋಡಿ ಮೋಸ ಹೋಗ್ಬೇಡಿ, ಒಂದು ಕಂಪೆನಿಯ ಹಳದಿ ಇನ್ನೊಂದು ಕಂಪೆನಿಯಲ್ಲಿ ಅಷ್ಟೇ ಹಗುರ ಇರ್ಬೇಕು ಅಂತ ಇಲ್ಲ. ಚಾರ್ಟ್ ನೋಡಿ ನಗು ಬಂತು, ಪೂರ್ತಿ ಇಪ್ಪತ್ತರ ಹುಡುಗಿಯರು ಟೈಟ್ಸ್ ಹಾಕಿ ಸ್ಕ್ವಾಟ್ ಮಾಡುವುದು, ನೈಟಿ ಹಾಕಿದ ಅಮ್ಮಂದಿರು ಇದನ್ನು ಎಲ್ಲಿ ಸಿಕ್ಕಿಸಬೇಕು ಅಂತ ಒಂದು ಗೆರೆಯೂ ಇಲ್ಲ. ಚರ್ಮಕ್ಕೆ ನೇರ ಹಾಕಿದ್ರೆ ರೋಮ ಎಳೀತದೆ, ಸುರುಳಿ ಸುತ್ತಿ ಹಗ್ಗದ ಹಾಗಾಗ್ತದೆ, ನೈಟಿ ಮೇಲೆ ಹಾಕಿದ್ರೆ ಜಾರ್ತದೆ. ಹಳೇ ಚೂಡಿದಾರದ ಪ್ಯಾಂಟ್ ಹಾಕಿಸಿ ಮಂಡಿಗಿಂತ ಸ್ವಲ್ಪ ಮೇಲೆ ಕೂರಿಸಿದ್ರೆ ಸರಿ ನಿಲ್ತದೆ. ಪಾದದ ಗಂಟಿಗೆ ಹಾಕುವುದು ಬೇಡ, ಅಲ್ಲಿ ಭಾರ ಜಾಸ್ತಿ ಆಗ್ತದೆ, ನಡೆಯುವಾಗ ಮುಗ್ಗರಿಸುವ ಹೆದರಿಕೆ ಬೇರೆ.

ಇನ್ನು ಬ್ಯಾಂಡ್ ಹಾಕಿ ಮಾಡುವ ವ್ಯಾಯಾಮ, ನೆಲದಲ್ಲಿ ಮಲಗಿ ಏಳ್ಲಿಕ್ಕೆ ಕಷ್ಟ ಆದ್ರೆ ಗಟ್ಟಿ ಹಾಸಿಗೆಯ ಮಂಚದಲ್ಲೇ ಆಗ್ತದೆ. ಮಗ್ಗುಲಾಗಿ ಮಲಗಿ, ಮಂಡಿ ಮಡಚಿ, ಹಿಮ್ಮಡಿ ಎರಡೂ ಅಂಟಿಸಿಟ್ಟು ಮೇಲಿನ ಮಂಡಿ ಮಾತ್ರ ತೆರೆಯುವುದು. ಅಮ್ಮ ಮೊದಲು ಇಡೀ ಸೊಂಟವನ್ನೇ ಹಿಂದಕ್ಕೆ ಉರುಳಿಸ್ತಿದ್ರು, ನಾನು ಬೆನ್ನ ಹಿಂದೆ ದಿಂಬು ಇಟ್ಟೆ, ಅದಕ್ಕೆ ತಾಗಿದ ಕೂಡ್ಲೇ ಅವರಿಗೇ ಗೊತ್ತಾಗ್ತದೆ. ಇನ್ನೊಂದು ಬ್ರಿಡ್ಜ್, ಅಂಗಾತ ಮಲಗಿ ಮಂಡಿ ಮಡಚಿ ಸೊಂಟ ಎತ್ತುವುದು. ತೊಡೆಯ ಹಿಂದೆ ಸೆಳೆತ ಬಂದ್ರೆ ಪಾದ ದೂರ ಇಟ್ಟಿದ್ದೀರಿ ಅಂತ, ಹಿಮ್ಮಡಿ ಹತ್ರ ಎಳ್ಕೊಳ್ಳಿ. ಉಸಿರು ಕಟ್ಟಬಾರದು, ಬಿಪಿ ಇರುವವರಿಗೆ ಒಳ್ಳೇದಲ್ಲ. ಸೊಂಟದ ಕೀಲು ಬದಲಿಸಿದವರು, ಕಾಲು ಜೋಮು ಹಿಡಿಯುವವರು ಡಾಕ್ಟ್ರನ್ನು ಕೇಳದೆ ಬ್ಯಾಂಡ್ ಮುಟ್ಬೇಡಿ.

ನಿಜ ಹೇಳ್ಬೇಕಂದ್ರೆ ಅಮ್ಮನಿಗೆ ಹೆಚ್ಚು ಗುಣ ಕಂಡದ್ದು ಬ್ಯಾಂಡಿಲ್ಲದ ವ್ಯಾಯಾಮದಲ್ಲಿ, ಊಟದ ಮೇಜಿನ ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು. ಅಮೆರಿಕದ ಸರ್ಕಾರಿ ಆರೋಗ್ಯ ಸಂಸ್ಥೆ ಸಿಡಿಸಿಯವರದ್ದು ಒಂದು ಪರೀಕ್ಷೆ ಉಂಟು, ಎದೆಗೆ ಕೈ ಕಟ್ಟಿ 30 ಸೆಕೆಂಡಲ್ಲಿ ಎಷ್ಟು ಸಲ ಏಳ್ತೀರಿ ಅಂತ. 65ರಿಂದ 69ರ ಹೆಂಗಸರು 11ಕ್ಕಿಂತ, ಗಂಡಸರು 12ಕ್ಕಿಂತ ಕಮ್ಮಿ ಎದ್ರೆ ಬೀಳುವ ಅಪಾಯ ಜಾಸ್ತಿ ಅಂತ ಲೆಕ್ಕ. ಗೋಡೆಗೆ ಕುರ್ಚಿ ಒತ್ತಿಟ್ಟು ಮಾಡಿ, ಯಾರಾದ್ರೂ ಹತ್ರ ನಿಲ್ಲಿ. ಮೊನ್ನೆ ಉಡುಪಿ ಮಠದಲ್ಲಿ ಪಂಕ್ತಿಯಲ್ಲಿ ಕೂತು ಊಟ ಮಾಡಿ ಅಮ್ಮ ನನ್ನ ಭುಜ ಹಿಡೀದೆ ಎದ್ರು, ಒಂದು ಕೈ ನೆಲಕ್ಕೆ ಊರಿದ್ರು, ಅದು ಪರವಾಗಿಲ್ಲ. ಹಾಗಾದ್ರೆ ಬ್ಯಾಂಡ್ ಯಾಕೆ ಅಂದ್ರೆ ಸೊಂಟದ ಪಕ್ಕದ ಸ್ನಾಯುವಿಗೆ ಕುರ್ಚಿಯಲ್ಲಿ ಅಷ್ಟು ಕೆಲಸ ಸಿಗುದಿಲ್ಲ, ಅದಕ್ಕೆ ಇದೇ ಸುಲಭ.

ನನ್ನ ದೊಡ್ಡ ತಕರಾರು ಬಾಳಿಕೆದ್ದು. ನಮ್ಮ ಕರಾವಳಿಯ ಸೆಕೆಗೆ, ಬೆವರಿಗೆ ರಬ್ಬರ್ ಒಂದಕ್ಕೊಂದು ಅಂಟಿ ಕೂರ್ತದೆ, ಬಿಡಿಸುವಾಗಲೇ ಹಳದಿದರ ಅಂಚು ಹರಿಯಿತು. ಮಾರಿದವರಿಗೆ ಫೋಟೋ ಕಳಿಸಿದ್ರೆ ರಿಟರ್ನ್ ಟೈಮ್ ಮುಗಿದಿದೆ ಅಂತ ಒಂದೇ ಉತ್ತರ. ಬಟ್ಟೆಯದ್ದು ತಗೊಳ್ಳುವ ಅಂದ್ರೆ ಅತ್ತಿಗೆ ಹತ್ರ ಉಂಟು, ಜಾರುದಿಲ್ಲ, ಸುರುಳಿಯೂ ಆಗುದಿಲ್ಲ, ಆದ್ರೆ ಅವರದ್ದು ವಯಸ್ಸಾದವರಿಗೆ ತುಂಬ ಬಿಗಿ, ಮತ್ತೆ ಆಟಿ ತಿಂಗಳ ಜೋರು ಮಳೆಗೆ ಒಣಗದೆ ಮುಗ್ಗುಲು ವಾಸನೆ. ರಬ್ಬರಿಂದೇ ಸಾಕು, ಒರೆಸಿ ಸ್ವಲ್ಪ ಪೌಡರ್ ಉದುರಿಸಿ, ಬಿಸಿಲಿಗೆ ಮಾತ್ರ ಇಡ್ಬೇಡಿ. ಎಳೆದು ನೋಡುವಾಗ ಸಣ್ಣ ಬಿರುಕು ಕಂಡ್ರೆ ಕತ್ತರಿಸಿ ಬಿಸಾಡಿ, ತುಂಡಾದ್ರೆ ತೊಡೆಗೆ ಬಾರಿಸ್ತದೆ. ಸೆಟ್ ಬೇಡ, ಬಿಡಿಯಾಗಿ ಹಗುರದ್ದು ಎರಡು ಕೊಡುವ ಅಂಗಡಿ ಸಿಕ್ಕಿದ್ರೆ ಅಲ್ಲಿಂದಲೇ, ಕೈಯಲ್ಲಿ ಎಳೆದು ನೋಡಿ ತಗೊಳ್ಳಿ.