ಮುತ್ಯಾನ ಸನದು ಹುಡುಕಿಕೊಡ್ತೀವಿ ಅಂತ ಬಂದವರ ಕೈಗೆ ಅಸಲಿ ಕಾಗದ ಕೊಡಬೇಡಿ

"ನಿಮ್ಮ ವಂಶಾವಳಿ ತೆಗೆದುಕೊಡ್ತೀವಿ, ಬ್ರಿಟಿಷರ ಕಾಲದ ಸನದು, ಅಂದರೆ ಹಕ್ಕುಪತ್ರ, ಲಂಡನ್ನಿಂದ ತರಿಸಿಕೊಡ್ತೀವಿ" ಅಂತ ಯಾರಾದ್ರೂ ನಿಮ್ಮ ಮನೆಗೆ ಬಂದರೆ ಚಹಾ ಕುಡಿಸಿ ಕಳಿಸಿಬಿಡಿ. ಟ್ರಂಕು ಮಾತ್ರ ತೆಗೆಯಬೇಡಿ. ಕಲಬುರಗಿಯಲ್ಲಿರುವ ನಮ್ಮ ಕಾಕಾ ತೆಗೆದರು. ದುಡ್ಡು ಹೋಯಿತು, ಅದು ಬಿಡಿ. ಮೂರು ತಲೆಮಾರಿನಿಂದ ಕಾಪಾಡಿಕೊಂಡು ಬಂದ ಕಾಗದಗಳೂ ಹೋದವು.

ಕಾಕಾ ರಿಟೈರ್ಡ್ ಮಾಸ್ತರು. ನಮ್ಮ ಮೂಲ ಸೇಡಂ ಕಡೆಯ ಹಳ್ಳಿ. ಮುತ್ಯಾನ ಅಪ್ಪ ಊರಿನ ಮಾಲಿ ಪಾಟೀಲರಾಗಿದ್ದರು (ಕಂದಾಯ ನೋಡಿಕೊಳ್ಳುವ ಪಾಟೀಲ), ಇನಾಮು ಹೊಲ ಇತ್ತು, ವಾಡಿಯಲ್ಲಿ ರೈಲ್ವೆ ಸಾಹೇಬರೊಬ್ಬರ ಹತ್ತಿರ ಕೆಲಸವನ್ನೂ ಮಾಡಿದ್ದರು ಅಂತ ಮನೆಯಲ್ಲಿ ಮಾತು. ಇದರಲ್ಲಿ ಎಷ್ಟು ನಿಜ, ಎಷ್ಟು ಆಯಿ ಸೇರಿಸಿದ್ದು ಅಂತ ತಿಳಿಯಬೇಕು ಅನ್ನೋದು ಕಾಕಾನ ಬಹುದಿನದ ಆಸೆ. ಟ್ರಂಕಿನಲ್ಲಿ ಉರ್ದುವಿನಲ್ಲಿ ಬರೆದ ಎರಡು ಸ್ಟಾಂಪ್ ಕಾಗದ, ಮೋಡಿ ಲಿಪಿಯ (ಮರಾಠಿಯ ಹಳೇ ಕೂಡುಬರಹ) ಒಂದು ಹಾಳೆ, ರುಮಾಲು ಸುತ್ತಿದ ಹಿರಿಯರೊಬ್ಬರ ಫೋಟೋ ಇದ್ದವು. ಮನೆಯಲ್ಲಿ ಯಾರಿಗೂ ಓದಲು ಬರುತ್ತಿರಲಿಲ್ಲ.

ಆ ಮನುಷ್ಯ ಸಿಕ್ಕಿದ್ದು ಒಂದು ಮದುವೆಯಲ್ಲಿ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಫೈಲು, ಬಾಯಿ ತುಂಬ "ಆರ್ಕೈವ್ಸ್" ಮಾತು. ಸೂಪರ್ ಮಾರ್ಕೆಟ್ ಕಡೆ ಒಂದು ಮಹಡಿ ಮೇಲೆ ಆಫೀಸು. ಪಕ್ಕದ ಮರಾಠವಾಡದಲ್ಲಿ ನಿಜಾಮರ ಕಾಲದ ದಾಖಲೆಗಳ ಮಾತು ಜೋರಾದ ಮೇಲೆ ನಮ್ಮ ಕಡೆಯೂ ಹಳೇ ಕಾಗದ ಅಂದರೆ ಜನ ಕಿವಿ ನಿಮಿರಿಸುತ್ತಾರೆ. ಅದು ಅವನಿಗೆ ಚೆನ್ನಾಗಿ ಗೊತ್ತಿತ್ತು.

"ಕಾಕಾರ, ನಿಮ್ದು ಸಾದಾ ಮನೆತನ ಅಲ್ರಿ. ಲಂಡನ್‌ದಾಗ ನಿಮ್ಮ ಮುತ್ಯಾರ ಫೈಲ್ ಅದ. ಇನಾಮು ಹೊಲದ ಹಕ್ಕೂ ಇನ್ನಾ ಜೀವಂತ ಅದ" ಅಂದ. ಅಷ್ಟೇ ಸಾಕಾಯಿತು. ಮೊದಲು 15,000 ರೂಪಾಯಿ. ಆಮೇಲೆ "ಲಂಡನ್ ಫೀ" ಅಂತ ಇನ್ನೂ 25,000. "ಸ್ಕ್ಯಾನ್ ಮಾಡಿ ವಾಪಸ್ ಕೊಡ್ತೀನ್ರಿ" ಅಂತ ಟ್ರಂಕಿನ ಕಾಗದಗಳನ್ನೂ ಫೋಟೋವನ್ನೂ ಒಯ್ದ.

ಈ ಲಂಡನ್ ಮಾತು ಎಷ್ಟು ಪೊಳ್ಳು ಅಂತ ಸ್ವಲ್ಪ ಹೇಳಬೇಕು. ಏಕೆಂದರೆ ಓದಿದವರೂ ಇಲ್ಲೇ ಬೀಳೋದು. ವಿಜಯಪುರ, ಧಾರವಾಡ ಮುಂಬೈ ಪ್ರಾಂತದಲ್ಲಿದ್ದವು, ಅಲ್ಲಿ ನೇರವಾಗಿ ಬ್ರಿಟಿಷರ ಆಳ್ವಿಕೆ. ನಮ್ಮ ಗುಲ್ಬರ್ಗಾ, ಬೀದರ್ ಜಿಲ್ಲೆಗಳು 1948ರ ಸೆಪ್ಟೆಂಬರ್ 17ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಯಾದಗಿರಿ ಆಗ ಗುಲ್ಬರ್ಗಾ ಜಿಲ್ಲೆಯ ಭಾಗ, ಬೇರೆ ಜಿಲ್ಲೆಯಾಗಿದ್ದು 2009ರ ಕೊನೆಗೆ. ನಿಜಾಮರಿಗೆ ಸ್ವಂತ ಅಂಚೆ, ಸ್ವಂತ ಸ್ಟಾಂಪ್ ಕಾಗದ, ಸ್ವಂತ ಹಾಲಿ ಸಿಕ್ಕಾ ರೂಪಾಯಿ ಇತ್ತು. ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಇಂಡಿಯಾ ಆಫೀಸ್ ದಾಖಲೆಗಳು ಇರೋದು ನಿಜ. ಆದರೆ ಸೇಡಂ ಕಡೆಯ ಮಾಲಿ ಪಾಟೀಲನ ಇನಾಮಿನ ಲೆಕ್ಕ ಅಲ್ಲಿಗೆ ಯಾಕೆ ಹೋಗುತ್ತೆ? ಅದು ಇರೋದಿದ್ದರೆ ಇಲ್ಲಿಯ ತಹಸೀಲಿನಲ್ಲಿ ಇಲ್ಲವೇ ಹೈದರಾಬಾದಿನಲ್ಲಿ ಇರಬೇಕು.

ಇದಕ್ಕೆ ಹೊರತಾದವರೂ ಇದ್ದಾರೆ. ಸುರಪುರದಲ್ಲಿ 1840ರ ದಶಕದಲ್ಲಿ ಮೆಡೋಸ್ ಟೇಲರ್ ಬ್ರಿಟಿಷರ ಪರವಾಗಿ ಆಡಳಿತ ನೋಡಿಕೊಂಡಿದ್ದ. 1858ರಲ್ಲಿ ರಾಜಾ ವೆಂಕಟಪ್ಪ ನಾಯಕರ ಬಂಡಾಯ ಆದ ಮೇಲೆ ಸಂಸ್ಥಾನ ಬ್ರಿಟಿಷರ ಕೈಗೆ ಹೋಯಿತು, 1860ರಲ್ಲಿ ಅದನ್ನು ನಿಜಾಮರಿಗೆ ಒಪ್ಪಿಸಿದರು. ಆ ಕಾಲದ ಸುರಪುರದ ಮನೆತನಗಳ ಹೆಸರು ಹೈದರಾಬಾದಿನ ಬ್ರಿಟಿಷ್ ರೆಸಿಡೆನ್ಸಿಯ ಪತ್ರಗಳಲ್ಲಿ ಸಿಗುವ ಸಾಧ್ಯತೆ ಇದೆ. ಬ್ರಿಟಿಷ್ ಕಂಪನಿಯ ಜಿಐಪಿ (ಗ್ರೇಟ್ ಇಂಡಿಯನ್ ಪೆನಿನ್ಸುಲಾ) ರೈಲ್ವೆ ಗುಲ್ಬರ್ಗಾ ಮೇಲೆ ಹಾದು ರಾಯಚೂರು ಮುಟ್ಟಿದ್ದು 1871ರಲ್ಲಿ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು 1874ರಲ್ಲಿ. ಅಲ್ಲಿ ನೌಕರಿ ಮಾಡಿದವರ ಸುದ್ದಿಯೂ ಬೇರೆ. ಪಲ್ಟನ್ ಸೇರಿ ಮೊದಲನೇ ಮಹಾಯುದ್ಧದಲ್ಲಿ ತೀರಿಕೊಂಡವರಿದ್ದರೆ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ವೆಬ್‌ಸೈಟಿನಲ್ಲಿ ಹೆಸರು ಹಾಕಿ ಪುಕ್ಕಟೆ ಹುಡುಕಬಹುದು. ಅದಕ್ಕೆ ಯಾರಿಗೂ "ಫೀ" ಕೊಡಬೇಕಿಲ್ಲ.

ಸರಿ, ಕಾಕಾಗೆ ಏನು ಬಂತು? ದಪ್ಪ ರಟ್ಟಿನ ಫೈಲು. ಮೇಲೆ ಎರಡು ಸಿಂಹ, ಮಧ್ಯೆ ಕತ್ತಿ, ನಮ್ಮ ಅಡ್ಡಹೆಸರು ಬಂಗಾರದ ಬಣ್ಣದಲ್ಲಿ. ಒಳಗೆ ಹದಿನಾಲ್ಕು ತಲೆಮಾರಿನ ವಂಶವೃಕ್ಷ, 1881ರ ಜನಗಣತಿಯ "ಪ್ರತಿ", ಮತ್ತು ಎರಡು ಹಾಳೆ ಸನದು. ಎಲ್ಲಕ್ಕೂ ಲ್ಯಾಮಿನೇಷನ್. (ಅಸಲಿ ಹಳೇ ಕಾಗದಕ್ಕೆ ಯಾರೂ ಲ್ಯಾಮಿನೇಷನ್ ಮಾಡಿಸಬೇಡಿ. ಬಿಸಿಗೆ ಹಾಳಾಗುತ್ತೆ, ಮತ್ತೆ ಬಿಡಿಸಲು ಬರೋದಿಲ್ಲ.)

ಜನಗಣತಿ ಹಾಳೆ ನೋಡಿ ನನಗೆ ನಗು ಬಂತು. ಹೈದರಾಬಾದ್ ಸಂಸ್ಥಾನದ ಮೊದಲ ಜನಗಣತಿ ನಡೆದಿದ್ದು 1881ರಲ್ಲೇ, ಸುಳ್ಳಲ್ಲ. ಆದರೆ ಆ ಕಾಲದ ಜನಗಣತಿಯಲ್ಲಿ ಉಳಿದಿರೋದು ಒಟ್ಟು ಲೆಕ್ಕ ಮಾತ್ರ. ಮನೆ ಮನೆಯ ಹೆಸರು ಬರೆದ ಹಾಳೆಗಳನ್ನು ಉಳಿಸಿಲ್ಲ. ನಮ್ಮ ಮುತ್ಯಾನ ಅಪ್ಪನ ಹೆಸರು, ವಯಸ್ಸು, ಎತ್ತುಗಳ ಸಂಖ್ಯೆ ಎಲ್ಲಾ ಅದರಲ್ಲಿತ್ತು. ಊರಿನ ಮುಂದೆ "ಕಲಬುರಗಿ ಜಿಲ್ಲೆ" ಅಂತ ಬೇರೆ. ಸರ್ಕಾರಿ ಕಾಗದದಲ್ಲಿ ಗುಲ್ಬರ್ಗಾ ಹೋಗಿ ಕಲಬುರಗಿ ಬಂದಿದ್ದು 2014ರ ನವೆಂಬರ್ 1ಕ್ಕೆ!

ಸನದನ್ನು ಮಾತ್ರ ಗೊತ್ತಿದ್ದವರಿಗೇ ತೋರಿಸಬೇಕು ಅಂತ ರೋಜಾ ಕಡೆ ಇರುವ ಹಿರಿಯ ಉರ್ದು ಮೇಷ್ಟ್ರೊಬ್ಬರ ಮನೆಗೆ ಒಯ್ದೆವು. ಅವರು ಕನ್ನಡಕ ಏರಿಸಿ ಮೊದಲ ಹಾಳೆಯನ್ನು ಕಿಟಕಿ ಬೆಳಕಿಗೆ ಹಿಡಿದರು. ಅಂಚು ಸುಟ್ಟಿತ್ತು, ಬಣ್ಣ ಚಹಾ ಬಣ್ಣ. ತಿರುಗಿಸಿ ನೋಡಿ, "ಚಹಾನೇ ಅದ ರೀ" ಅಂದರು. ಆಮೇಲೆ ಅಕ್ಷರದ ಮೇಲೆ ಬೆರಳಿಟ್ಟರು. "ಇದು ಕಂಪ್ಯೂಟರ್ ಉರ್ದು. ಮದ್ವಿ ಪತ್ರಿಕಾದಾಗ ಬರ್ತದಲ್ಲ, ಅದೇ. ಆಗಿನ ಮುನ್ಷಿ ಲೇಖಣಿಲೇ ಬರೀತಿದ್ರು, ಒಂದಕ್ಷರ ಇನ್ನೊಂದರ ಮ್ಯಾಲೆ ಓಡ್ತಿತ್ತು. ನಮಗೇ ಓದ್ಲಿಕ್ಕೆ ತ್ರಾಸ ಆಗ್ತದ. ಇದು ಇಷ್ಟು ಚಂದ ಹೆಂಗ ಅದ?"

ತಾರೀಖು ಫಸಲಿ 1312. ನಿಜಾಮರ ಕಾಲದ ಕಾಗದಗಳಲ್ಲಿ ಫಸಲಿ ವರ್ಷವೇ ಜಾಸ್ತಿ. ಅದಕ್ಕೆ 590 ಕೂಡಿಸಿದರೆ ಇಸವಿ ಹತ್ತಿರ ಹತ್ತಿರ ಬರುತ್ತೆ. ಅಂದರೆ 1902-03. ಮೊಹರಿನಲ್ಲಿ ಮೀರ್ ಉಸ್ಮಾನ್ ಅಲಿ ಖಾನ್ ಹೆಸರು. ಅವರು ಪಟ್ಟಕ್ಕೆ ಬಂದಿದ್ದು 1911ರಲ್ಲಿ. 1902ರಲ್ಲಿ ಗಾದಿಯ ಮೇಲಿದ್ದವರು ಅವರ ತಂದೆ ಮಹಬೂಬ್ ಅಲಿ ಖಾನ್. ಸಾಲದ್ದಕ್ಕೆ ಹಾಳೆಯ ತಲೆಗೆ ವಿಕ್ಟೋರಿಯಾ ರಾಣಿಯ ಚಿತ್ರ. ರಾಣಿ 1901ರಲ್ಲೇ ತೀರಿಕೊಂಡಿದ್ದಳು. ಒಂದೇ ಹಾಳೆಯಲ್ಲಿ ಸತ್ತ ರಾಣಿ, ಇನ್ನೂ ಪಟ್ಟಕ್ಕೆ ಬರದ ನಿಜಾಮ. ಇಂಥ ಕೆಲಸಕ್ಕೆ ಕಾಕಾ 40,000 ಕೊಟ್ಟಿದ್ದರು.

ಎರಡನೇ ಹಾಳೆಗೆ ಬಂದಾಗ ಮೇಷ್ಟ್ರ ಮುಖ ಬದಲಾಯಿತು. ಅದು ಅಸಲಿ. ಲ್ಯಾಮಿನೇಷನ್ ಒಳಗೂ ಗೊತ್ತಾಗುತ್ತಿತ್ತು, ಶಾಯಿ ಹಿಂದಿನ ಬದಿಗೆ ಇಳಿದಿತ್ತು. ನಿಧಾನಕ್ಕೆ ಓದಿದರು. ಅದು ಸನದೇ ಅಲ್ಲ. ಬಾವಿ ತೋಡಿಸಲು ತಕಾವಿ (ಸರ್ಕಾರ ರೈತರಿಗೆ ಕೊಡುವ) ಸಾಲ ಬೇಕು ಅಂತ ಒಬ್ಬ ರೈತ ತಹಸೀಲ್ದಾರರಿಗೆ ಕೊಟ್ಟ ಅರ್ಜಿ. ಊರು ಚಿಂಚೋಳಿ ಕಡೆಯದು. ಹೆಸರು ನಮ್ಮ ಮನೆತನದ್ದಲ್ಲ. ಯಾರದೋ ಮನೆಯ ಟ್ರಂಕಿನಿಂದ "ಸ್ಕ್ಯಾನ್" ಮಾಡಲು ಒಯ್ದ ಕಾಗದ ನಮ್ಮ ಫೈಲು ಸೇರಿತ್ತು.

ಹಾಗಾದರೆ ನಮ್ಮವು ಯಾರ ಫೈಲಿನಲ್ಲಿವೆ? ಅವತ್ತೇ ಕಾಕಾ ಫೋನ್ ಮಾಡಿದರು. "ಹೈದರಾಬಾದಿಗೆ ಕಳ್ಸೀನ್ರಿ", "ಮುಂದಿನ ವಾರ ಬರ್ತಾವ್ರಿ" ಅಂತ ನಡೆಯಿತು. ಆಮೇಲೆ ಫೋನ್ ಸ್ವಿಚ್ ಆಫ್. ಆಫೀಸಿಗೆ ಹೋದರೆ ಬೋರ್ಡು ಇಳಿದಿತ್ತು, ಒಳಗೆ ಟ್ಯೂಷನ್ ಕ್ಲಾಸು. ಠಾಣೆಯಲ್ಲಿ ರಸೀದಿ ಕೇಳಿದರು. ರಸೀದಿಯಲ್ಲಿ "ಸಲಹಾ ಶುಲ್ಕ" ಅಂತಷ್ಟೇ ಇತ್ತು, ಕಾಗದ ಒಯ್ದಿದ್ದಕ್ಕೆ ಬರಹವೇ ಇಲ್ಲ. ದೂರು ಕೊಟ್ಟಿದ್ದೇವೆ. ದುಡ್ಡನ್ನು ಫೋನಿನಿಂದ ಕಳಿಸಿದ್ದವರು ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೂ ಫೋನ್ ಮಾಡಿ. ಕಾಕಾ ಕೊಟ್ಟಿದ್ದು ನಗದು.

ಒಂದು ಅನಾಹುತ ಮಾತ್ರ ತಪ್ಪಿತು, ಅದು ಕಾಕಿಯಿಂದ. ಆತ ಖಾಲಿ ಬಾಂಡ್ ಪೇಪರ್ ತಂದು, "ಲಂಡನ್ ಪರ್ಮಿಷನ್‌ಗೆ ನಿಮ್ಮ ಸಹಿ ಬೇಕ್ರಿ" ಅಂದಿದ್ದ. ಕಾಕಿ ಅಡುಗೆಮನೆಯಿಂದಲೇ, "ಏನೂ ಬರೀದ ಕಾಗದಕ್ಕ ಸಹಿ ಹಾಕಿದ್ರ ನೋಡ್ರಿ ಮತ್ತ!" ಅಂತ ಗದರಿಸಿದರು. ರಿಂಗ್ ರೋಡ್ ಆಚೆ ಹೊಲಗಳಿಗೆ ಈಗ ಏನು ರೇಟಿದೆ ಅಂತ ಎಲ್ಲರಿಗೂ ಗೊತ್ತು. ಹಳೇ ಕಾಗದ, ಆಧಾರ್ ನಕಲು, ಖಾಲಿ ಬಾಂಡಿನ ಮೇಲೆ ಸಹಿ ಮೂರೂ ಒಬ್ಬನ ಕೈಯಲ್ಲಿದ್ದರೆ ಏನು ಬೇಕಾದರೂ ಹುಟ್ಟಿಸಬಹುದು. ಅವನು ಹೇಳಿದಂತೆ ಆ ಸನದನ್ನು ಹಿಡಿದು ಕಾಕಾ ತಹಸೀಲಿಗೋ ಕೋರ್ಟಿಗೋ ಹೋಗಿದ್ದರೆ ಇನ್ನೂ ಕಷ್ಟ. ಖೋಟಾ ಅಂತ ಗೊತ್ತಿದ್ದೂ ಬಳಸಿದರೆ ಅದೂ ಅಪರಾಧ, ಗೊತ್ತಿರಲಿಲ್ಲ ಅಂತ ಸಾಬೀತು ಮಾಡುವ ಅಲೆದಾಟ ನಮ್ಮದು. ನಮ್ಮ ಭಾಗದವರ ಮೀಸಲಾತಿಗೆ ಬೇಕಾದ 371ಜೆ ಸರ್ಟಿಫಿಕೇಟಿಗೂ ಇದು ಬರುತ್ತೆ ಅಂದಿದ್ದನಂತೆ. ಅದಕ್ಕೆ ಮುತ್ಯಾನ ಅಪ್ಪನ ಸನದು ಯಾರೂ ಕೇಳೋದಿಲ್ಲ.

ಇನ್ನು ಆ ವಂಶವೃಕ್ಷ. ಹದಿನಾಲ್ಕು ತಲೆಮಾರು, ಎಲ್ಲಾ ಗಂಡಸರು, ಎಲ್ಲಾ ಹಿರಿಮಗ, ದಾರ ಹಿಡಿದು ಎಳೆದಂತೆ ನೆಟ್ಟಗೆ. ನಮ್ಮ ಮನೆಗೆ ಸುಗ್ಗಿ ಆದ ಮೇಲೆ ಮನೆತನಗಳ ವಂಶಾವಳಿ ಹೇಳುವ ಹೆಳವರು ಬರುತ್ತಾರೆ. ಮೊದಲೆಲ್ಲಾ ಎತ್ತಿನ ಮೇಲೆ ಗಂಟೆ ಬಾರಿಸುತ್ತಾ ಬರುತ್ತಿದ್ದರು, ಈಗ ಮೋಟರ್ ಸೈಕಲ್. ಅವರು ಹೇಳುವ ಪ್ರಕಾರ ಮುತ್ಯಾನ ಅಪ್ಪ ಆ ಮನೆಯಲ್ಲಿ ಹುಟ್ಟಿದವರೇ ಅಲ್ಲ, ಚಿತ್ತಾಪುರ ಕಡೆಯಿಂದ ದತ್ತಕ ಬಂದವರು. ಪ್ಲೇಗಿನಲ್ಲಿ ಹೋದ ಇಬ್ಬರು ತಮ್ಮಂದಿರನ್ನೂ ಗಂಡನ ಮನೆಯಿಂದ ತಿರುಗಿ ಬಂದ ಒಬ್ಬ ಅಕ್ಕನನ್ನೂ ಅವರು ಹೆಸರು ಹಿಡಿದು ಹೇಳುತ್ತಾರೆ. "ಹೆಳವರದು ಬರೇ ಕಥಿರಿ, ಪ್ರೂಫ್ ಅಲ್ಲ" ಅಂತ ಆ ಫೈಲಿನವನು ಕಾಕಾಗೆ ಹೇಳಿದ್ದ. ನನ್ನ ಕೇಳಿದರೆ, ದತ್ತಕ, ಸಾವು, ಜಗಳ, ಹೆಣ್ಣುಮಕ್ಕಳು ಯಾವುದೂ ಇಲ್ಲದ ವಂಶಾವಳಿಯನ್ನು ನಂಬಲೇಬೇಡಿ. ಹೆಳವರು ಬಂದಾಗ ಕಾಳುಕಡಿ ಕೊಟ್ಟು, ಕೂರಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಮನೆದೇವರು, ಬೆಡಗು, ಮುತ್ತಜ್ಜಿಯರ ತವರೂರು ಬರೆದಿಡಿ. ತವರೂರಿನಲ್ಲಿ ಎಷ್ಟೋ ಕೊಂಡಿ ಸಿಗುತ್ತವೆ.

ಕಾಗದವೇ ಬೇಕು ಅಂದರೆ ತಹಸೀಲ್ ಕಚೇರಿಯ ರಿಕಾರ್ಡ್ ರೂಮಿನಿಂದ ಶುರು ಮಾಡಿ. ಊರು, ಸರ್ವೆ ನಂಬರ್ ಹೇಳಿ ಹೊಲದ ಹಳೇ ದಾಖಲೆಗಳಾದ 1954ರ ಖಾಸ್ರಾ ಪಹಣಿ, ಸೇತವಾರ್, ಇನಾಮು ರಿಜಿಸ್ಟರ್ ಕೇಳಿ, ದೃಢೀಕೃತ ನಕಲು ಅಂತ ಅರ್ಜಿ ಕೊಡಿ. ಕೊಡದಿದ್ದರೆ 10 ರೂಪಾಯಿ ಶುಲ್ಕದ ಆರ್‌ಟಿಐ ಇದ್ದೇ ಇದೆ. ಅದಕ್ಕಿಂತ ಹಿಂದಿನದು ಹೈದರಾಬಾದಿನ ತಾರ್ನಾಕಾದಲ್ಲಿರುವ ತೆಲಂಗಾಣ ರಾಜ್ಯ ಪತ್ರಾಗಾರದಲ್ಲಿ. 1880ರ ದಶಕಕ್ಕಿಂತ ಮುಂಚಿನವು ಬಹುಪಾಲು ಪಾರ್ಸಿ, ಆಮೇಲಿನವು ಉರ್ದು. ಹಾಗಾಗಿ ಓದುವವರನ್ನು ಜೊತೆಗೆ ಕರೆದುಕೊಂಡೇ ಹೋಗಿ. ಬಸವಕಲ್ಯಾಣ, ಆಳಂದ ಕಡೆಯವರಿಗೆ ಮೋಡಿ ಬಲ್ಲವರೂ ಬೇಕಾಗಬಹುದು. ರಾಷ್ಟ್ರೀಯ ಪತ್ರಾಗಾರದ "ಅಭಿಲೇಖ್ ಪಟಲ್" ಪೋರ್ಟಲ್ಲಿನಲ್ಲಿ ಮನೆಯಿಂದಲೇ ಹುಡುಕಬಹುದು. ಏನೂ ಸಿಗದೆಯೂ ಇರಬಹುದು. ನಿಜಾಮರ ಪರ ನಿಂತ ರಜಾಕಾರರ ಗಲಾಟೆಯಲ್ಲಿ ಊರು ಬಿಟ್ಟು ಸೊಲ್ಲಾಪುರದ ಕಡೆ ಓಡಿದ ಮನೆಗಳಲ್ಲಿ ಕಾಗದ ಉಳಿದಿದ್ದೇ ಕಡಿಮೆ. ಉಳಿದಿದ್ದನ್ನು ಓದಿಸಬೇಕಾದರೆ ಓದುವವರನ್ನೇ ಮನೆಗೆ ಕರೆಯಿರಿ. ಇಲ್ಲವೇ ಹಗಲು ಬೆಳಕಿನಲ್ಲಿ ಫೋಟೋ ತೆಗೆದು ಫೋಟೋ ಕಳಿಸಿ.

ನಮ್ಮ ಪುಣ್ಯಕ್ಕೆ ಕಾಕಿಯ ತಂಗಿಯ ಮಗಳು ಯಾವಾಗಲೋ ಒಂದು ಕಾಗದದ ಫೋಟೋ ತೆಗೆದುಕೊಂಡಿದ್ದಳು. ಮೇಷ್ಟ್ರು ಅದನ್ನು ಓದಿದರು. ಫಸಲಿ 1323ರ ಅರ್ದಿಬೆಹಿಶ್ತ್ ತಿಂಗಳು, ಅಂದರೆ 1914ರ ಮಾರ್ಚ್ ಸುಮಾರಿನದು. ಹೊಲದ ಖರೀದಿ ಪತ್ರ, ಬೆಲೆ ಹಾಲಿ ಸಿಕ್ಕಾದಲ್ಲಿ. ಕೆಳಗೆ ಬಲಗಡೆ ಮೂರು ಹೆಬ್ಬೆಟ್ಟು, ಎಡ ಮೂಲೆಯಲ್ಲಿ ಎಣ್ಣೆಯ ಕಲೆ, ಮಧ್ಯದ ಮಡಿಕೆಯಲ್ಲಿ ಹರಿದಿದ್ದಕ್ಕೆ ಹಿಂದಿನಿಂದ ಬಿಳಿ ಬಟ್ಟೆ ಅಂಟಿಸಿದೆ. ನಿಮಗೆ ಯಾರಾದ್ರೂ ಇಂಥ ಫೈಲು ಮಾಡಿಕೊಟ್ಟಿದ್ದರೆ ತೆಗೆದು ಒಮ್ಮೆ ನೋಡಿ, ಈ ಗುರುತು ಕಂಡರೆ ನನಗೆ ಮೆಸೇಜ್ ಮಾಡಿ. ಚಿಂಚೋಳಿ ಕಡೆಯವರಲ್ಲಿ ಬಾವಿಗೆ ತಕಾವಿ ಕೇಳಿದ ಹಿರಿಯರ ಮನೆಯವರಿದ್ದರೆ, ನಿಮ್ಮ ಕಾಗದ ನಮ್ಮ ಹತ್ತಿರ ಇದೆ. ಊರು, ಹಿರಿಯರ ಹೆಸರು ಹೇಳಿ ತೆಗೆದುಕೊಂಡು ಹೋಗಿ.