ಮಿರುಗುವ ನೇರಳೆ: ಜಪಾನಿನ ಮೂರು ಶಾಯಿ ಬರೆದು ನೋಡಿದೆ

ಪಾರಿವಾಳದ ಕುತ್ತಿಗೆ ನೋಡಿದ್ದೀರಲ್ಲ? ನೆರಳಲ್ಲಿ ಬರೀ ಬೂದು. ಬಿಸಿಲಿಗೆ ಒಂಚೂರು ತಿರುಗಿದರೆ ಸಾಕು, ಹಸಿರು, ನೇರಳೆ ಎಲ್ಲಾ ಎದ್ದು ಬರುತ್ತದೆ. ಬರೆದ ಅಕ್ಷರವೂ ಹಾಗೆ ಮಿರುಗಬೇಕು ಅನ್ನೋ ಹುಚ್ಚು ಹತ್ತಿದ ಮೇಲೆ ಫೌಂಟನ್ ಪೆನ್ನಿನ ಮೂರು ನೇರಳೆ ಶಾಯಿ ಒಟ್ಟಿಗೆ ಇಟ್ಟುಕೊಂಡು ಕೂತೆ: ಪೈಲಟ್ ಕಂಪನಿಯ ಇರೋಶಿಜುಕು ಸಾಲಿನ ಯಾಮಾ-ಬುಡೋ ಮತ್ತು ಮುರಾಸಾಕಿ-ಶಿಕಿಬು, ಸೈಲರ್ ಕಂಪನಿಯ ಶಿಕಿಯೋರಿ ಸಾಲಿನ ಶಿಗುರೆ.

ಮೊದಲೇ ಒಂದು ಮಾತು. ಈ ಮಿರುಗಿಗೆ ಇಂಗ್ಲಿಷಲ್ಲಿ ಶೀನ್ ಅಂತಾರೆ, ಅದು ಮಿನುಗುಪುಡಿ ಅಲ್ಲ. ಪುಡಿ ಹಾಕಿದ ಶಾಯಿಗಳು ಬೇರೆ, ಅವಕ್ಕೆ ಶಿಮರ್ ಅಂತಾರೆ, ಬಾಟಲಿ ಅಲ್ಲಾಡಿಸಿಯೇ ಪೆನ್ನಿಗೆ ತುಂಬಬೇಕು. ಶೀನ್ ಬರುವುದು ಬಣ್ಣದಿಂದಲೇ. ನೀರು ಆರಿ, ಹಾಳೆ ಹೀರದೆ ಬಿಟ್ಟ ಬಣ್ಣ ಮೇಲೆ ದಪ್ಪಗೆ ಕೂತರೆ ಅದು ಲೋಹದ ಹಾಗೆ ಬೆಳಕನ್ನು ವಾಪಸ್ ಎಸೆಯುತ್ತದೆ. ಹಾಗೆ ಎಸೆಯುವ ಬಣ್ಣ ಬಣ್ಣಚಕ್ರದಲ್ಲಿ ಹೆಚ್ಚುಕಡಿಮೆ ಶಾಯಿಯ ಬಣ್ಣಕ್ಕೆ ಎದುರಿನದು. ಅದಕ್ಕೇ ನೀಲಿ ಶಾಯಿಗೆ ಕೆಂಪು ಮಿರುಗು, ಕೆನ್ನೇರಳೆಗೆ ಹಸಿರು ಬೆರೆತ ಹೊಂಬಣ್ಣ.

ಇದರಿಂದ ಇನ್ನೊಂದು ವಿಷಯವೂ ಗೊತ್ತಾಗುತ್ತದೆ: ಅರ್ಧ ಕೆಲಸ ಹಾಳೆಯದ್ದು. ಹಾಗಾಗಿ ಮೂರು ಹಾಳೆ ತೆಗೆದುಕೊಂಡೆ. 52 ಜಿಎಸ್‌ಎಮ್‌ನ (ಅಂದರೆ ಚದರ ಮೀಟರಿಗೆ ಅಷ್ಟು ಗ್ರಾಂ ತೂಕದ) ತೆಳ್ಳಗಿನ ಟೊಮೊಯೆ ರಿವರ್, 80 ಜಿಎಸ್‌ಎಮ್‌ನ ರೋಡಿಯಾ, ಮತ್ತೆ ಸುಮ್ನೆ ಪ್ರಿಂಟರ್‌ಗೆ ಹಾಕುವ ಹಾಳೆ. ಬರೆಯಲು ಶಾಯಿಗೆ ಅದ್ದಿ ಅದ್ದಿ ಬರೆಯುವ ಗಾಜಿನ ಡಿಪ್ ಪೆನ್ನು, ಮೊನೆ ಅಗಲವಾಗಿ ಚಪ್ಪಟೆ ಇರುವ 1.1 ಮಿ.ಮೀ. ಸ್ಟಬ್ ನಿಬ್ಬು, ಜಪಾನಿನ ಒಂದು ಮೀಡಿಯಂ ನಿಬ್ಬು. ಜಪಾನಿನ ನಿಬ್ಬುಗಳು ಯುರೋಪಿನವಕ್ಕಿಂತ ಸಣ್ಣ, ಅವರ ಮೀಡಿಯಂ ಅಂದರೆ ಜರ್ಮನ್ ಫೈನ್‌ಗೆ ಹತ್ತಿರ. ಇದು ನೆನಪಿರಲಿ, ಮುಂದೆ ಬರುತ್ತದೆ.

ಯಾಮಾ-ಬುಡೋ ಅಂದರೆ ಬೆಟ್ಟದ ಕಾಡು ದ್ರಾಕ್ಷಿ. ನೇರಳೆ ಅನ್ನೋದಕ್ಕಿಂತ ರಾಣಿ ಬಣ್ಣಕ್ಕೆ ಸ್ವಲ್ಪ ನೇರಳೆ ಕಲಸಿದ ಹಾಗಿದೆ. ಗಾಜಿನ ಪೆನ್ನಲ್ಲಿ ಅದ್ದಿ ಟೊಮೊಯೆ ರಿವರ್ ಮೇಲೆ ಒಂದು ಸಾಲು ಬರೆದೆ, ಆರಲಿ ಅಂತ ಬಿಟ್ಟೆ, ದೀಪದ ಕೆಳಗೆ ಹಾಳೆ ಓರೆ ಮಾಡಿದೆ. ಅಬ್ಬಾ! ಒತ್ತಕ್ಷರ ಸುತ್ತಿ ಬರುವ ಕಡೆ, ಸಾಲಿನ ಕೊನೆಯಲ್ಲಿ ಪೆನ್ನು ನಿಂತ ಕಡೆ, ಶಾಯಿ ಎಲ್ಲೆಲ್ಲಿ ಮಡುಗಟ್ಟಿತ್ತೋ ಅಲ್ಲೆಲ್ಲಾ ಚಿನ್ನ. ನಮ್ಮ ಲಿಪಿಗೆ ಇದು ಒಂದು ಕೈ ಜಾಸ್ತಿಯೇ ಒಲಿಯುತ್ತದೆ ಅನ್ನಿಸಿತು. ದುಂಡು ದುಂಡು ಅಕ್ಷರ, ತಲೆಕಟ್ಟು, ಕೊಂಬು, ತಿರುವಿಗೆ ಬರವೇ ಇಲ್ಲ. ತಿರುವಲ್ಲಿ ಕೈ ನಿಧಾನ ಆಗುತ್ತದೆ, ನಿಧಾನ ಆದ ಕಡೆ ಶಾಯಿ ಜಾಸ್ತಿ ಇಳಿಯುತ್ತದೆ. 'ಣ', 'ಞ' ಬರೆಯೋದಕ್ಕೇ ಅಂತ ಒಂದಿಷ್ಟು ಪದ ಹುಡುಕಿ ಬರೆದೆ, ನಗಬೇಡಿ.

ಸ್ಟಬ್ ನಿಬ್ಬಲ್ಲೂ ಮಿರುಗು ಚೆನ್ನಾಗಿಯೇ ಉಳಿಯಿತು. ಮೀಡಿಯಂಗೆ ಇಳಿದಾಗ ಹುಡುಕಿ ನೋಡುವ ಹಾಗಾಯಿತು. ರೋಡಿಯಾ ಮೇಲೆ ಅಕ್ಷರದ ಅಂಚಲ್ಲಿ ಮಾತ್ರ ಒಂದು ಎಳೆ. ಪ್ರಿಂಟರ್ ಹಾಳೆಯಲ್ಲಿ ಸೊನ್ನೆ, ಶಾಯಿ ಎಲ್ಲಾ ಒಳಗೆ ಇಳಿದು ಸಪ್ಪೆ ಗುಲಾಬಿ.

ಶಿಗುರೆಗೆ ಬರೋಣ. ಶರತ್ಕಾಲ ಮುಗಿದು ಚಳಿ ಶುರುವಾಗುವ ಹೊತ್ತಿಗೆ ಬಂದು ಹೋಗುವ ತುಂತುರು ಮಳೆಗೆ ಜಪಾನಿನಲ್ಲಿ ಈ ಹೆಸರು. ಬಣ್ಣ ಬದನೆಕಾಯಿಯದು, ಗಾಢ, ಸ್ವಲ್ಪ ಮಂಕು. ಬಾಟಲಿ ತೆಗೆದ ದಿನ ನನಗೆ ಏನೂ ಅನ್ನಿಸಲಿಲ್ಲ, ಯಾಮಾ-ಬುಡೋ ಪಕ್ಕ ಇಟ್ಟರೆ ಯಾರಿಗೂ ಏನೂ ಅನ್ನಿಸಲ್ಲ. ಮಿರುಗು ಇದೆ, ಆದರೆ ಅಕ್ಷರದ ಅಂಚಿಗೆ ಅಂಟಿಕೊಂಡ ಮಂದ ಹೊಂಬಣ್ಣ, ಅದೂ ಶಾಯಿ ಧಾರಾಳವಾಗಿ ಬಿಡುವ ನಿಬ್ಬಲ್ಲಿ. ಎರಡನೇ ವಾರದ ಹೊತ್ತಿಗೆ ನನ್ನ ಲೆಕ್ಕ ತಲೆಕೆಳಗಾಯಿತು. ಇಡೀ ಪುಟ ಬರೆದು ಓದಿದರೆ ಕಣ್ಣಿಗೆ ಹಿತ. ದೂರದಿಂದ ಕಪ್ಪೇ ಅನ್ನಿಸುತ್ತದೆ, ಹತ್ತಿರ ಬಂದರೆ ನೇರಳೆ, ಓರೆ ಮಾಡಿದರೆ ಮಾತ್ರ ಆ ಹೊಂಬಣ್ಣ. ಯಾಮಾ-ಬುಡೋದಲ್ಲಿ ಮೂರು ಪುಟ ಬರೆದು ಮತ್ತೆ ಓದಲು ಕೂತರೆ ಬಣ್ಣವೇ ಕಣ್ಣಿಗೆ ಚುಚ್ಚುತ್ತದೆ, ಬರೆದದ್ದು ಏನು ಅನ್ನೋದು ಆಮೇಲೆ.

ಮುರಾಸಾಕಿ-ಶಿಕಿಬು ಬಗ್ಗೆ ಹೇಳೋದು ಕಡಿಮೆ. ನೇರಳೆ ಬಣ್ಣದ ಪುಟ್ಟ ಕಾಯಿ ಗೊಂಚಲು ಬಿಡುವ ಒಂದು ಪೊದೆ ಗಿಡದ ಹೆಸರು ಅದು. ನೇರಳೆ ಅಂದ ಕೂಡಲೇ ಮನಸ್ಸಿಗೆ ಬರುವ ತಿಳಿಯಾದ ಬಣ್ಣ, ಸರಾಗ ಹರಿವು, ಯಾವ ಪೆನ್ನಿಗೆ ಹಾಕಿದರೂ ತಕರಾರಿಲ್ಲ. ಮಿರುಗು ಮಾತ್ರ ಗಾಜಿನ ಪೆನ್ನಲ್ಲಿ ಕಂಡಿತೋ ಇಲ್ಲವೋ ಅನ್ನುವಷ್ಟು. ಶೀನ್‌ಗಾಗಿಯೇ ಕೊಳ್ಳುವವರಿಗೆ ಇದು ಬೇಡ. ಬರೀ ನೇರಳೆ ಸಾಕು ಅನ್ನುವವರು ಕಣ್ಣು ಮುಚ್ಚಿ ತಗೊಳ್ಳಬಹುದು.

ಬಾಟಲಿ ವಿಷಯ ಬಿಡೋ ಹಾಗಿಲ್ಲ. ಇರೋಶಿಜುಕುವಿನ 50 ಎಮ್‌ಎಲ್ ದಪ್ಪ ಗಾಜಿನ ಬಾಟಲಿಯ ತಳದಲ್ಲಿ ಒಂದು ಗುಳಿ ಇದೆ, ಶಾಯಿ ಮುಗಿಯುತ್ತಾ ಬಂದ ಹಾಗೆ ಅಲ್ಲಿ ಸೇರಿಕೊಳ್ಳುತ್ತದೆ, ನಿಬ್ಬು ಅಲ್ಲೇ ಅದ್ದಿದರೆ ಆಯಿತು. ಶಿಕಿಯೋರಿ ಬರುವುದು 20 ಎಮ್‌ಎಲ್ ಚಿಕ್ಕ ಬಾಟಲಿಯಲ್ಲಿ. ಅರ್ಧ ಖಾಲಿ ಆದ ಮೇಲೆ ದೊಡ್ಡ ನಿಬ್ಬಿನವರು ಸಿರಿಂಜ್ ಹುಡುಕಿಕೊಳ್ಳಬೇಕು. ಅಂದವಾಗಿದೆ, ಅದು ಬೇರೆ ಮಾತು.

ಈಗ ನಾನು ಬೇಸ್ತು ಬಿದ್ದ ಕಥೆ. ಮಿರುಗು ಎಷ್ಟು ಜಾಸ್ತಿ ಬೇಕೋ ಅಷ್ಟು ಬಣ್ಣ ಹಾಳೆಯ ಮೇಲೆಯೇ ಉಳಿಯಬೇಕು ಅಂದೆನಲ್ಲ, ಮೇಲೆ ಉಳಿದದ್ದು ಕೈಗೆ ಹತ್ತದೆ ಇರುತ್ತದಾ? ಗಾಜಿನ ಪೆನ್ನಲ್ಲಿ ದಪ್ಪಗೆ ಬರೆದ ಪುಟವೊಂದನ್ನು ರಾತ್ರಿ ಹಾಗೇ ಬಿಟ್ಟು ಮಲಗಿದ್ದೆ. ಬೆಳಗ್ಗೆ ಮಳೆ, ಗಾಳಿಯಲ್ಲಿ ತೇವ. ಆರಿದೆ ಅಂದುಕೊಂಡು ಅಂಗೈ ಊರಿ ಅದರ ಕೆಳಗೆ ಬರೆಯಲು ಶುರು ಮಾಡಿದೆ. ಎತ್ತಿದಾಗ ಅಂಗೈ ಅಂಚೆಲ್ಲಾ ಗುಲಾಬಿ, ಹಾಳೆಯ ಮೇಲೆ ನನ್ನದೇ ಕೈಯ ಮುದ್ರೆ, ಚಿನ್ನ ಮಾಯ. ಆಮೇಲೆ ಅಂಗೈ ಕೆಳಗೆ ಒಂದು ಚೂರು ಹಾಳೆ ಇಟ್ಟುಕೊಂಡು ಬರೆಯುವ ಅಭ್ಯಾಸ ಆಯಿತು. ಹಾಗಂತ ಒತ್ತುಹಾಳೆ ಹಾಕಿ ಬೇಗ ಆರಿಸಲು ಹೋಗಬೇಡಿ, ಮಿರುಗಬೇಕಾದ ಬಣ್ಣವನ್ನೇ ಅದು ಹೀರಿಕೊಂಡು ಹೋಗುತ್ತದೆ. ನೀರು ಬಿದ್ದರೆ ಮೂರೂ ಒಂದೇ, ಯಾವುದೂ ನಿಲ್ಲಲ್ಲ. ಲಕೋಟೆ ಮೇಲೆ ವಿಳಾಸ ಬರೆಯುವ ಶಾಯಿಗಳು ಇವಲ್ಲ.

ತೊಳೆಯೋದೂ ನೋಡಿಯೇ ಬಿಡೋಣ ಅಂತ ಪಾರದರ್ಶಕ ಪೆನ್ನೊಂದರಲ್ಲಿ ಯಾಮಾ-ಬುಡೋ ತುಂಬಿ ಮೂರು ವಾರ ಮರೆತೇಬಿಟ್ಟಿದ್ದೆ, ತಪ್ಪು ನನ್ನದೇ. ಒಳಗೆ ತಿಳಿ ಗುಲಾಬಿ ಛಾಯೆ ಕೂತಿತು. ಬರೀ ನೀರಿಗೆ ಬಗ್ಗಲಿಲ್ಲ, ಒಂದು ತೊಟ್ಟು ಪಾತ್ರೆ ತೊಳೆಯುವ ಸೋಪು ಹಾಕಿದ ನೀರಲ್ಲಿ ನಾಲ್ಕಾರು ಸಲ ಆಡಿಸಿದ ಮೇಲೆ ಮುಕ್ಕಾಲು ಹೋಯಿತು. ಕೆಂಪು, ಗುಲಾಬಿ ಕಡೆಗೆ ವಾಲುವ ಬಣ್ಣಗಳ ಹಣೆಬರಹ ಇಷ್ಟೇ. ಇಷ್ಟದ ಪಾರದರ್ಶಕ ಪೆನ್ನಿದ್ದರೆ ದೂರ ಇಡಿ. ಉಳಿದೆರಡು ಎರಡು-ಮೂರು ಸಲ ನೀರು ಹಾಯಿಸಿದರೆ ಹೋದವು.

ಸದ್ಯಕ್ಕೆ ಮೀಡಿಯಂ ನಿಬ್ಬಿನ ಪೆನ್ನಲ್ಲಿ ಶಿಗುರೆ ತುಂಬಿದೆ, ದಿನಾ ಬರೆಯುವುದು ಅದರಲ್ಲೇ. ಮುರಾಸಾಕಿ-ಶಿಕಿಬು ಬಾಟಲಿ ಡಬ್ಬಕ್ಕೆ ವಾಪಸ್ ಹೋಯಿತು. ಯಾಮಾ-ಬುಡೋವನ್ನು ಪೆನ್ನಿಗೆ ತುಂಬುವುದನ್ನೇ ಬಿಟ್ಟಿದ್ದೇನೆ. ಗಾಜಿನ ಪೆನ್ನಿನ ಪಕ್ಕದಲ್ಲೇ ಅದರ ಬಾಟಲಿ ಇದೆ, ಕೆಲಸ ಬೇಜಾರಾದಾಗ ಅದ್ದಿ ಒಂದು ಸಾಲು 'ಣ' ಬರೆಯುತ್ತೇನೆ, ಆರುವವರೆಗೆ ಕಾಯುತ್ತೇನೆ, ದೀಪದ ಕಡೆಗೆ ಓರೆ ಮಾಡುತ್ತೇನೆ.