ಎರಡು ವರ್ಷದ ಪಿಲಾಟೀಸ್ ಕ್ಲಾಸ್: ದಾವಣಗೆರೆಯ ಒಬ್ಬ ಟೈಲರ್ ಅನುಭವ

ಹದಿನೆಂಟು ವರ್ಷದಿಂದ ಬ್ಲೌಸ್ ಹೊಲಿಯುತ್ತಿದ್ದೇನೆ. ಮದುವೆ ಸೀಸನ್ ಬಂತೆಂದರೆ ದಿನಕ್ಕೆ ಹತ್ತು ಗಂಟೆ ಮೆಷಿನ್ ಮುಂದೆ ಬಗ್ಗಿರಬೇಕು. ರಾತ್ರಿ ಮಗ್ಗುಲು ಬದಲಿಸಲೂ ಆಗುತ್ತಿರಲಿಲ್ಲ. ಕುಂದವಾಡ ಕೆರೆ ಸುತ್ತ ದಿನಾ ವಾಕಿಂಗ್ ಮಾಡಿದೆ. ಮನಸ್ಸಿಗೆ ಹಿತ ಅನ್ನಿಸಿತು, ಸೊಂಟ ನೋವು ಮಾತ್ರ ಹಾಗೇ ಇತ್ತು. ಡಾಕ್ಟರ್ ಎಕ್ಸ್‌ರೇ ನೋಡಿ, ಮೂಳೆ ಚೆನ್ನಾಗಿದೆ, ಹೊಟ್ಟೆ ಬೆನ್ನು ಗಟ್ಟಿ ಮಾಡಿಕೊಳ್ಳಿ ಅಂದರು. ಹಾಗೆ ಮನೆ ಹತ್ತಿರದ ಪಿಲಾಟೀಸ್ ಕ್ಲಾಸಿಗೆ ಸೇರಿದೆ. ಉಸಿರಿನ ಜೊತೆ ನಿಧಾನಕ್ಕೆ ಮಾಡುತ್ತಾ ಹೊಟ್ಟೆ ಬೆನ್ನು ಗಟ್ಟಿ ಮಾಡುವ ವ್ಯಾಯಾಮ ಅದು. ಈಗ ಎರಡು ವರ್ಷ ನಾಲ್ಕು ತಿಂಗಳಾಯಿತು.

ಮೊದಲ ವಾರ ಪೂರ್ತಿ ಉಸಿರಾಟವೇ. ಟೀಚರ್ ನನ್ನ ಬ್ಯಾಗಿನಲ್ಲಿದ್ದ ಅಳತೆ ಟೇಪು ತೆಗೆದುಕೊಂಡು ಪಕ್ಕೆಲುಬಿನ ಸುತ್ತ ಹಿಡಿದರು. "ಅಕ್ಕಾ, ಹೊಟ್ಟೆ ಉಬ್ಬಿಸಬೇಡಿ. ಉಸಿರಲ್ಲೇ ಟೇಪನ್ನ ಪಕ್ಕಕ್ಕೆ ತಳ್ಳಿ" ಅಂದರು. ಮುಕ್ಕಾಲು ಇಂಚು ಸರಿಯಿತು, ಅಷ್ಟೆ. ಆಮೇಲೆ ಸೊಂಟದ ಮುಂದಿನ ಎಲುಬಿನ ಒಳಬದಿಗೆ ಎರಡು ಬೆರಳಿಟ್ಟು ಮೆಲ್ಲಗೆ ಕೆಮ್ಮಲು ಹೇಳಿದರು. ಬೆರಳ ಕೆಳಗೆ ಏನೋ ಬಿಗಿಯಾಯಿತು, ಲಂಗದ ಲಾಡಿ ಎಳೆದ ಹಾಗೆ. ಹೊಟ್ಟೆಯನ್ನು ಸುತ್ತಿ ಹಿಡಿಯುವ ಒಳಗಿನ ಸ್ನಾಯು ಅದು. ಕೆಮ್ಮದೆ ಅದನ್ನು ಬಿಗಿ ಹಿಡಿಯುವುದು ರೂಢಿಯಾಗಲು ನನಗೆ ಒಂದು ತಿಂಗಳು ಬೇಕಾಯಿತು.

ಈ ವ್ಯಾಯಾಮ ಶುರು ಮಾಡಿದ ಜೋಸೆಫ್ ಪಿಲಾಟೀಸ್ 1883ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. ಚಿಕ್ಕಂದಿನಲ್ಲಿ ಆಸ್ತಮಾ ಇತ್ತಂತೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟಿಷರ ಶಿಬಿರದಲ್ಲಿ ಬಂಧಿಯಾಗಿದ್ದರು, ಆಮೇಲೆ ನ್ಯೂಯಾರ್ಕಿಗೆ ಹೋಗಿ ಹೆಂಡತಿ ಕ್ಲಾರಾ ಜೊತೆ ಸ್ಟುಡಿಯೋ ನಡೆಸಿದರು. ಅವರು ಇದಕ್ಕೆ ಇಟ್ಟಿದ್ದ ಹೆಸರು ಕಂಟ್ರಾಲಜಿ, ಅಂದರೆ ಹಿಡಿತದ ವಿದ್ಯೆ. ನನಗೆ ಆ ಹೆಸರೇ ಸರಿ ಅನ್ನಿಸುತ್ತದೆ. ಇಲ್ಲಿ ಜೋರಾಗಿ ಮಾಡಿದರೆ ಯಾರೂ ಶಭಾಷ್ ಅನ್ನುವುದಿಲ್ಲ, ನಿಧಾನಕ್ಕೆ, ಹಿಡಿತದಲ್ಲಿ ಮಾಡಬೇಕು.

ಒಂದು ಬೇಸರವನ್ನೂ ಹೇಳಲೇಬೇಕು. ಕಳೆದ ವರ್ಷ ಎಂಟು ಜನರ ಬ್ಯಾಚ್ ಹದಿನಾರಾಯಿತು. ಮೂರು ತಿಂಗಳು ನನ್ನ ಮ್ಯಾಟ್ ಹತ್ತಿರ ಯಾರೂ ಬರಲಿಲ್ಲ. ಹಂಡ್ರೆಡ್ ಅಂತ ಒಂದು ವ್ಯಾಯಾಮವಿದೆ. ಅಂಗಾತ ಮಲಗಿ, ತಲೆ, ಕಾಲು ಎತ್ತಿ ಕೈ ಆಡಿಸಬೇಕು. ಐದು ಎಣಿಸುತ್ತಾ ಉಸಿರು ಒಳಗೆ, ಐದು ಎಣಿಸುತ್ತಾ ಹೊರಗೆ, ಹೀಗೆ ಹತ್ತು ಸಲ. ನಾನು ಹೊಟ್ಟೆ ಬಿಟ್ಟು ಕುತ್ತಿಗೆಯಿಂದ ಎಳೆಯುತ್ತಿದ್ದೆ. ಒಂದು ವಾರ ಕತ್ತು ತಿರುಗಿಸಲು ಆಗಲಿಲ್ಲ. ನಾವು ನಾಲ್ಕೈದು ಜನ ಹೋಗಿ ಕೇಳಿದ ಮೇಲೆ ಎರಡು ಬ್ಯಾಚ್ ಮಾಡಿದರು. ಫೀಸು 1,200 ಇದ್ದದ್ದು 1,500 ಆಯಿತು. ಜಾಸ್ತಿ ಅಂತ ನನಗೆ ಅನ್ನಿಸಿಲ್ಲ. ವ್ಯಾಯಾಮ ಫೋನಲ್ಲೂ ಸಿಗುತ್ತದೆ. ಆದರೆ ನನ್ನ ಎಡ ಭುಜ ಕಿವಿ ಕಡೆ ಏರಿದೆ ಅಂತ ಫೋನು ಹೇಳುತ್ತದಾ?

ಸ್ಪ್ರಿಂಗ್ ಇರುವ ರಿಫಾರ್ಮರ್ ಅನ್ನುವ ವ್ಯಾಯಾಮದ ಯಂತ್ರ ಇಲ್ಲಿಲ್ಲ, ಬರೀ ಮ್ಯಾಟ್. ನನಗೆ ಅಷ್ಟೇ ಸಾಕಾಗಿದೆ. ಏಪ್ರಿಲ್, ಮೇನಲ್ಲಿ ಸಂಜೆ ಸೆಕೆ ತಡೆಯಲಾಗಲ್ಲ, ಬೆಳಗ್ಗೆ 6ರ ಬ್ಯಾಚ್ ತೆಗೆದುಕೊಳ್ಳಿ. ತೂಕ ಇಳಿಸಲು ಬರುವವರಿಗೆ ಒಂದು ಮಾತು, ನನ್ನ ತೂಕ ಹೆಚ್ಚುಕಮ್ಮಿ ಅಷ್ಟೇ ಇದೆ. ಡಿಸ್ಕ್ ತೊಂದರೆ ಇದ್ದರೆ ಮೊದಲು ಡಾಕ್ಟರನ್ನು ಕೇಳಿ.

ಟೇಪು ಈಗ ಎರಡು ಇಂಚಿನ ಹತ್ತಿರ ಸರಿಯುತ್ತದೆ. ಸೀಸನ್‌ನಲ್ಲಿ ನೋವು ಆಗಾಗ ಬರುತ್ತದೆ, ಆದರೆ ರಾತ್ರಿ ನಿದ್ದೆ ಬರುತ್ತದೆ. ನಮ್ಮ ಅಂಗಡಿಯಲ್ಲಿ ಕಾಜಾ ಗುಂಡಿ ಮಾಡುವ ಹುಡುಗಿಗೂ ಸೊಂಟ ನೋವು ಶುರುವಾಗಿತ್ತು. ಮೊನ್ನೆ ಅವಳಿಗೆ ಬೆರಳಿಟ್ಟು ಕೆಮ್ಮಲು ಹೇಳಿದೆ. ಸೋಮವಾರದಿಂದ ಅವಳೂ ನನ್ನ ಪಕ್ಕದ ಮ್ಯಾಟಿಗೆ ಬರುತ್ತಿದ್ದಾಳೆ.